ಶಿವಮೊಗ್ಗ ಜಿಲ್ಲೆಯ ಕುಂಸಿ ಹತ್ತಿರ ಹಳ್ಳದಲ್ಲಿ ಸಿಕ್ಕ ಕಲ್ಲಿನ ಮೇಲೆ ಜರೀಗಿಡದ ಅಚ್ಚಿದೆ. ಇದು ಪಳೆಯುಳಿಕೆಯೇ? ಮಾರಿದರೆ ಎಷ್ಟು ಸಿಗಬಹುದು?

ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಕಲ್ಲಿನ ಮೇಲಿರುವುದು ಗಿಡ ಅಲ್ಲ. ಆದರೆ ನೀವು ಕಳಿಸಿದ ಎರಡನೇ ಫೋಟೋದಲ್ಲಿ ಅದನ್ನು ಒಂದು ಬೂದು ಬಣ್ಣದ ಕಲ್ಲಿಗೆ ಒರಗಿಸಿ ಇಟ್ಟಿದ್ದೀರಲ್ಲ, ಅದೂ ಅದೇ ಹಳ್ಳದ್ದಾಗಿದ್ದರೆ ದಯವಿಟ್ಟು ಎಸೆಯಬೇಡಿ. ನನ್ನ ಕಣ್ಣು ಅದರ ಮೇಲಿದೆ.

ಮೊದಲು ನಿಮ್ಮ ಜರೀಗಿಡ. ಇದಕ್ಕೆ ಡೆಂಡ್ರೈಟ್ ಅಂತಾರೆ. ಕಲ್ಲಿನ ಸಣ್ಣ ಬಿರುಕಿನಲ್ಲಿ ನೀರು ಜಿನುಗುವಾಗ ಅದರಲ್ಲಿ ಕರಗಿರುವ ಮ್ಯಾಂಗನೀಸು, ಕಬ್ಬಿಣ ಅಲ್ಲೇ ಕೂರುತ್ತಾ ಕವಲೊಡೆಯುತ್ತದೆ. ಕುಂಸಿಯಲ್ಲಿ ಹಿಂದೆ ಮ್ಯಾಂಗನೀಸು ಗಣಿಗಳೇ ಇದ್ದವು, ಹಾಗಾಗಿ ಆ ಕಡೆ ಇಂಥದ್ದು ಸಿಕ್ಕರೆ ಆಶ್ಚರ್ಯವಿಲ್ಲ. ಭೂತಗನ್ನಡಿ ಇಟ್ಟು ನೋಡಿ. ನಿಜವಾದ ಜರೀಗಿಡದ ಎಲೆಗೆ ನಡುವೆ ಒಂದು ದಂಟು, ಅದರ ಎರಡೂ ಕಡೆ ಸಾಲಾಗಿ ಜೋಡಿಸಿದ ಎಲೆಗಳು ಇರುತ್ತವೆ. ನಿಮ್ಮದರಲ್ಲಿ ಆ ಶಿಸ್ತು ಇಲ್ಲ. ಕವಲುಗಳು ಕಲ್ಲಿನ ಅಂಚಿನಿಂದಲೇ ಹೊರಟು ಮನಬಂದಂತೆ ಹರಡಿವೆ.

ಇನ್ನೊಂದು ಕಾರಣ ವಯಸ್ಸು. ನೆಲದ ಮೇಲೆ ಗಿಡ ಬಂದದ್ದೇ ಸುಮಾರು 47 ಕೋಟಿ ವರ್ಷದ ಹಿಂದೆ. ಕುಂಸಿ ಸುತ್ತಿನ ಗಟ್ಟಿ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ. ಅವು ರೂಪುಗೊಳ್ಳುವಾಗ ಗಿಡ, ಮೀನು, ಹುಳ ಯಾವುದೂ ಇರಲಿಲ್ಲ. ನಮ್ಮ ಕಡೆ ಡೈನೋಸಾರ್ ಮೂಳೆ ಅಂತ ತಂದು ತೋರಿಸುವವರಿಗೂ ಇದೇ ಉತ್ತರ. ಅದು ಹೆಚ್ಚಾಗಿ ಜಂಬಿಟ್ಟಿಗೆ ಕಲ್ಲಿನ ತೂತುತೂತಾದ ತುಂಡಾಗಿರುತ್ತದೆ. ಕೆಮ್ಮಣ್ಣುಗುಂಡಿ ಕಡೆಯ ಪಟ್ಟೆಪಟ್ಟೆ ಕಬ್ಬಿಣದ ಕಲ್ಲನ್ನು ಕಲ್ಲಾದ ಮರ ಅಂತ ನಂಬಿದವರೂ ಇದ್ದಾರೆ.

ಹಾಗಾದರೆ ಆ ಕಾಲದಲ್ಲಿ ಜೀವವೇ ಇರಲಿಲ್ಲವೇ? ಇತ್ತು, ಕಣ್ಣಿಗೆ ಕಾಣದಷ್ಟು ಸಣ್ಣದು. ಮಳೆಗಾಲದಲ್ಲಿ ನಮ್ಮ ಅಂಗಳಕ್ಕೆ ಪಾಚಿ ಕಟ್ಟಿ, ನಡೆಯೋಕೆ ಅಡಿಕೆ ದಬ್ಬೆ ಹಾಸಬೇಕಾಗುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದೇ ಲೋಳೆ ಪದರ ಆಗಿನ ಆಳವಿಲ್ಲದ ಸಮುದ್ರದ ತಳದಲ್ಲಿ ಹರಡಿತ್ತು. ಅದರ ಮೇಲೆ ಕೆಸರು, ಸುಣ್ಣದ ಅಂಶ ಕೂರುತ್ತಿತ್ತು. ಸೂಕ್ಷ್ಮಜೀವಿಗಳು ಬೆಳಕಿಗಾಗಿ ಮೇಲೆ ಬಂದು ಮತ್ತೊಂದು ಪದರ ಕಟ್ಟುತ್ತಿದ್ದವು. ಹೀಗೆ ಗುಬುಟು ಗುಬುಟಾಗಿ ಬೆಳೆದ ಕಲ್ಲಿಗೆ ಸ್ಟ್ರೊಮ್ಯಾಟೊಲೈಟ್ ಅಂತ ಹೆಸರು. ಇವತ್ತಿಗೂ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇವು ಬೆಳೆಯುತ್ತಿವೆ. ಕುಂಸಿಯ ಸುಣ್ಣದ ಬಂಡೆಗಳಲ್ಲಿ ಇವು ಇರುವುದನ್ನು ಭೂವಿಜ್ಞಾನಿಗಳು 1980ರ ದಶಕದಲ್ಲೇ ಗುರುತಿಸಿದ್ದಾರೆ. ನಿಮ್ಮ ಬೂದು ಕಲ್ಲಿನ ಬಲಭಾಗದಲ್ಲಿ ಒಂದರ ಮೇಲೊಂದು ಬಾಗಿದ ತೆಳು ಗೆರೆಗಳು ಕಾಣುತ್ತಿವೆ. ಅದಕ್ಕೇ ಅನುಮಾನ.

ಫೋಟೋ ನೋಡಿ ಖಚಿತವಾಗಿ ಹೇಳುವವನು ನಾನಲ್ಲ. ಸುಮ್ನೆ ಮಡಿಕೆ ಬಿದ್ದ ಕಲ್ಲಿನಲ್ಲೂ ಇಂಥ ಕಮಾನುಗಳು ಇರುತ್ತವೆ, ಮೋಸ ಹೋಗೋದು ಅಲ್ಲೇ. ಕಲ್ಲನ್ನು ಒದ್ದೆ ಮಾಡಿ, ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ. ಮಡಿಕೆಯಾಗಿದ್ದರೆ ಮೇಲೆ ಬಾಗಿದ್ದೂ ಕೆಳಗೆ ಬಾಗಿದ್ದೂ ಸಾಮಾನ್ಯವಾಗಿ ಒಂದೇ ತರಹ ಇರುತ್ತವೆ. ಸ್ಟ್ರೊಮ್ಯಾಟೊಲೈಟ್ ಆಗಿದ್ದರೆ ಗುಬುಟುಗಳು ಅಗಲವಾಗಿ, ನಡುವಿನ ಕಣಿವೆಗಳು ಕಿರಿದಾಗಿ ಚೂಪಾಗಿರುತ್ತವೆ. ಒಂದೊಂದು ಪದರವೂ ನೆತ್ತಿಯಲ್ಲಿ ದಪ್ಪ, ಪಕ್ಕಕ್ಕೆ ಇಳಿದಂತೆ ತೆಳು. ಆಮೇಲೆ ಕಲ್ಲಿನ ಅಡಿಭಾಗವನ್ನು ಸ್ವಲ್ಪ ಕೆರೆದು, ಆ ಪುಡಿಗೆ ನಿಂಬೆರಸ ಹಿಂಡಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣದ ಕಲ್ಲು. ಏಳದಿದ್ದರೂ ಆಸೆ ಬಿಡಬೇಡಿ, ಡೋಲೊಮೈಟ್ (ಮೆಗ್ನೀಸಿಯಂ ಬೆರೆತ ಸುಣ್ಣದ ಕಲ್ಲು) ಆದರೆ ನಿಂಬೆರಸಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಚಿತ್ತಾರ ಇರುವ ಕಡೆ ಮಾತ್ರ ಕೆರೆಯಬೇಡಿ. ಎಣ್ಣೆ, ವಾರ್ನಿಶ್ ಕೂಡ ಹಚ್ಚಬೇಡಿ.

ಬೆಲೆ ವಿಷಯ. ಡೆಂಡ್ರೈಟ್‌ಗೆ ಹೇಳಿಕೊಳ್ಳುವಂಥ ಬೆಲೆ ಇಲ್ಲ, ಶೋಕೇಸಿಗೆ ಚೆನ್ನಾಗಿರುತ್ತದೆ. ಬೂದು ಕಲ್ಲನ್ನು ಮಾರುವ ಯೋಚನೆ ಬೇಡ. ನಿಮಗೆ ಮನೆಯಲ್ಲಿ ಪಳೆಯುಳಿಕೆ ಇರಲೇಬೇಕು ಅಂತ ಆಸೆಯಿದ್ದರೆ ದೇವರ ಮನೆಯಲ್ಲಿ ಹುಡುಕಿ. ಗಂಡಕಿ ನದಿಯ ಸಾಲಿಗ್ರಾಮ ಇದ್ದರೆ, ಅದರೊಳಗಿನ ಚಕ್ರ ಅಮೊನೈಟ್ ಎಂಬ ಸಮುದ್ರಜೀವಿಯ ಚಿಪ್ಪಿನ ಗುರುತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅದಕ್ಕೆ ದಿನಾ ಅಭಿಷೇಕ ನಡೆಯುತ್ತದೆ.

ಬೂದು ಕಲ್ಲನ್ನು ಪೇಪರ್‌ನಲ್ಲಿ ಸುತ್ತಿ ಶಂಕರಘಟ್ಟಕ್ಕೆ ಒಯ್ಯಿರಿ. ಕುವೆಂಪು ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭೂವಿಜ್ಞಾನ ವಿಭಾಗ ಇದೆ. ಎಲ್ಲಿ ಸಿಕ್ಕಿತು ಅನ್ನುವುದು ಬರೆದಿರದಿದ್ದರೆ ಕಲ್ಲಿನ ಅರ್ಧ ಉಪಯೋಗವೇ ಹೋದಂತೆ, ಹಾಗಾಗಿ ಮೊಬೈಲಿನಲ್ಲಿ ಆ ಜಾಗದ ಲೊಕೇಶನ್ ಉಳಿಸಿಕೊಳ್ಳಿ. ಪಕ್ಕದಲ್ಲಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ. ಹಳ್ಳದಲ್ಲಿ ಉರುಳಿ ಬಂದ ಕಲ್ಲು ಅಂದರೆ ಮೂಲ ಬಂಡೆ ಮೇಲ್ಗಡೆ ಎಲ್ಲೋ ಇರುತ್ತದೆ. ಹಳ್ಳದ ಗುಂಟ ಮೇಲೆ ಹೋದಂತೆ ಕಲ್ಲುಗಳ ಅಂಚು ಚೂಪಾಗುತ್ತಾ ಹೋದರೆ ದಾರಿ ಸರಿಯಿದೆ ಅಂತ. ಬಂಡೆ ಸಿಕ್ಕರೆ ಸುತ್ತಿಗೆ ಹಾಕಬೇಡಿ, ಫೋಟೋ ಸಾಕು. ಆ ಲೊಕೇಶನ್ನನ್ನು ವಿಭಾಗದವರಿಗೆ ಕೊಡಿ, ಇಲ್ಲಿ ಎಲ್ಲರಿಗೂ ಕಾಣುವಂತೆ ಮಾತ್ರ ಹಾಕಬೇಡಿ.