ಎಕ್ಸ್-ರೇ ನಾರ್ಮಲ್ ಎಂದರೆ ಮಂಡಿ ಸರಿಯಿದೆ ಎಂದು ನಾನೂ ನಂಬಿದ್ದೆ

ಶಟಲ್ ಆಡುವಾಗ ಮಂಡಿ ತಿರುಚಿ ಮೂರು ವಾರವಾಯಿತು, ಎಕ್ಸ್-ರೇ ನಾರ್ಮಲ್ ಬಂದಿದೆ, ಇನ್ನೂ ಒಳ್ಳೆಯ ಕಡೆ ಡಿಜಿಟಲ್ ಎಕ್ಸ್-ರೇ ತೆಗೆಸಿದರೆ ಮಂಡಿಯೊಳಗಿನ ಮೆನಿಸ್ಕಸ್ ಎಂಬ ಮೆತ್ತೆ ಹರಿದಿರುವುದು ಕಾಣಿಸಬಹುದೇ, ಇಲ್ಲವೇ ನೇರವಾಗಿ ಎಂಆರ್‌ಐಗೇ ಹೋಗಬೇಕೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ಬೆಳಿಗ್ಗೆ ಎದ್ದಾಗ ಕಾಲು ಪೂರ್ತಿ ಚಾಚಲು ಆಗುವುದಿಲ್ಲ ಎಂದೂ ಒಂದು ಮಾತು ಸೇರಿಸಿದ್ದೀರಿ. ಆ ಒಂದು ಮಾತಿಗಾಗಿಯೇ ಈ ಉತ್ತರ ಬರೆಯುತ್ತಿದ್ದೇನೆ, ಏಕೆಂದರೆ 2013ರಲ್ಲಿ ನನ್ನ ಬಲಮಂಡಿಯೂ ಹೀಗೆಯೇ ಇತ್ತು.

ಆಗ ನನಗೆ ಇಪ್ಪತ್ನಾಲ್ಕು ವರ್ಷ. ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆದಿತ್ತು. ದಾಳಿಗೆ ಹೋದವನು ಬೋನಸ್ ಗೆರೆಯ ಹತ್ತಿರ ತಟ್ಟನೆ ತಿರುಗಿದೆ. ಬಲಪಾದ ತೇವದ ಮಣ್ಣಿನಲ್ಲಿ ಕಚ್ಚಿಕೊಂಡಿತ್ತು, ಮಂಡಿ ಅರ್ಧ ಮಡಿದಿತ್ತು, ಮೈ ಮಾತ್ರ ತಿರುಗಿತು. ಒಳಗೆ ಏನೋ ಜರುಗಿದ ಹಾಗಾಯಿತು. ನೋವು ಸಹಿಸುವಷ್ಟಿತ್ತು, ಆದ್ದರಿಂದ ಆಟ ಮುಗಿಯುವವರೆಗೂ ಅಂಕಣದಲ್ಲೇ ಇದ್ದೆ. ಊತ ಆಗಲೇ ಬರಲಿಲ್ಲ. ಮರುದಿನ ಬೆಳಿಗ್ಗೆ ಏಳುವಾಗ ಮಂಡಿಚಿಪ್ಪಿನ ಅಂಚು ತಿಳಿಯದಷ್ಟು ಊದಿತ್ತು.

ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಂದು ಎರಡು ಎಕ್ಸ್-ರೇ ತೆಗೆದರು. ಅಲ್ಲಿದ್ದ ಯುವ ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಮೂಳೆ ಮುರಿದಿಲ್ಲ. ಆದರೆ ಇಷ್ಟು ಊದಿರುವಾಗ ಮಂಡಿಯನ್ನು ತಿರುಗಿಸಿ ಪರೀಕ್ಷೆ ಮಾಡುವುದು ಕಷ್ಟ. ಹತ್ತು ದಿನ ಬಿಟ್ಟು ಮೂಳೆ ವಿಭಾಗಕ್ಕೆ ಬನ್ನಿ, ಆಗ ಕೈಯಿಂದ ನೋಡಬೇಕು" ಎಂದರು. ಚೀಟಿಯಲ್ಲೂ ಹಾಗೆಯೇ ಬರೆದುಕೊಟ್ಟರು.

ನಾನು ಹತ್ತು ದಿನದ ನಂತರ ಹೋಗಲಿಲ್ಲ. ನನ್ನ ತಪ್ಪು ಇದೊಂದೇ, ಇದನ್ನು ಬಿಡಿಸಿ ಹೇಳಬೇಕು. ವೈದ್ಯರು ಹೇಳಿದ್ದು ಎರಡು ಮಾತು: ಮೂಳೆ ಮುರಿದಿಲ್ಲ, ಮತ್ತು ಉಳಿದದ್ದನ್ನು ಇನ್ನೂ ನೋಡಿಲ್ಲ. ನಾನು ಮನೆಗೆ ತಂದದ್ದು ಮೊದಲನೆಯದನ್ನು ಮಾತ್ರ. ಊತ ಇಳಿದಾಗ ಗಾಯವೂ ಇಳಿಯಿತು ಎಂದುಕೊಂಡೆ. ಅಂಗಳದಲ್ಲಿ ಆ ಫಿಲ್ಮನ್ನು ಬಿಸಿಲಿಗೆ ಹಿಡಿದು ನೋಡಿದ ದೊಡ್ಡಪ್ಪ, "ಮೂಳೆ ಗಟ್ಟಿ ಇದೆಯಲ್ಲ ಮಾರಾಯ, ಮತ್ತೆಂತ ಹೆದರಿಕೆ? ಉಳುಕಿದೆ ಅಷ್ಟೇ, ಎಣ್ಣೆ ತಿಕ್ಕು" ಎಂದರು. ಅವರು ಪ್ರೀತಿಯಿಂದ ಹೇಳಿದ್ದು, ಅವರನ್ನು ನಾನು ದೂರುವುದಿಲ್ಲ. ಆದರೆ ಅಂದಿನಿಂದ ಆ ಫಿಲ್ಮ್ ನನ್ನ ಪಾಲಿಗೆ ಪ್ರಮಾಣಪತ್ರವಾಯಿತು. ತೋಟದ ಇಳಿಜಾರಿನಲ್ಲಿ ಮಂಡಿ ಕೈಕೊಟ್ಟಾಗ, ಕುಕ್ಕರಗಾಲಿನಲ್ಲಿ ಕೂತವನಿಗೆ ಏಳಲು ಆಗದೆ ಗೋಡೆ ಹಿಡಿಯಬೇಕಾದಾಗ, ರಾತ್ರಿ ಮಗ್ಗುಲು ಬದಲಿಸುವಾಗ ಕಾಲು ಮಡಿದಲ್ಲೇ ಸಿಕ್ಕಿಕೊಂಡು ಎರಡು ಕೈಯಿಂದ ಅಲುಗಾಡಿಸಿ ಬಿಡಿಸಿಕೊಳ್ಳಬೇಕಾದಾಗ, ಪ್ರತಿ ಸಲವೂ ಎಕ್ಸ್-ರೇ ನಾರ್ಮಲ್ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರು ತಿಂಗಳಾದ ಮೇಲೆ ನೀವು ಈಗ ಯೋಚಿಸುತ್ತಿರುವುದನ್ನೇ ಮಾಡಿದೆ. ಹಳೆಯ ಫಿಲ್ಮ್ ಮಸುಕಾಗಿರಬಹುದೆಂದು ಇನ್ನೊಂದು ಕಡೆ ದುಡ್ಡು ಕೊಟ್ಟು ಡಿಜಿಟಲ್ ಎಕ್ಸ್-ರೇ ತೆಗೆಸಿದೆ. ಅದೂ ನಾರ್ಮಲ್. ಆ ಎರಡನೆಯ ನಾರ್ಮಲ್ ನನಗೆ ಮಾಡಿದ ಹಾನಿ ಮೊದಲನೆಯದಕ್ಕಿಂತ ದೊಡ್ಡದು, ಏಕೆಂದರೆ ಅದನ್ನು ನಂಬಿ ಇನ್ನೂ ನಾಲ್ಕು ತಿಂಗಳು ಯಾವ ವೈದ್ಯರ ಬಳಿಗೂ ಹೋಗಲಿಲ್ಲ, ಯಾರಿಗೂ ಕಾಲು ಸಿಕ್ಕಿಕೊಳ್ಳುತ್ತದೆ ಎಂದು ಹೇಳಲೂ ಇಲ್ಲ.

ಎಕ್ಸ್-ರೇ ಯಂತ್ರ ಎಷ್ಟು ಒಳ್ಳೆಯದಾದರೂ ಇದರಲ್ಲಿ ಫಲವಿಲ್ಲ ಎಂಬುದು ನನಗೆ ಅರ್ಥವಾದದ್ದು ಆಮೇಲೆ. ಎಕ್ಸ್-ಕಿರಣವನ್ನು ಚೆನ್ನಾಗಿ ತಡೆಯುವುದು ಮೂಳೆಯಲ್ಲಿರುವ ಕ್ಯಾಲ್ಸಿಯಂ, ಆದ್ದರಿಂದ ಮೂಳೆ ಬೆಳ್ಳಗೆ ಕಾಣುತ್ತದೆ. ಮೆನಿಸ್ಕಸ್ ಎಂದರೆ ತೊಡೆಮೂಳೆಗೂ ಕೆಳಗಿನ ಕಾಲಿನ ಮೂಳೆಗೂ ನಡುವೆ ಅರ್ಧಚಂದ್ರದ ಆಕಾರದಲ್ಲಿ ಕೂತಿರುವ ಮೆತ್ತೆ. ಒಂದೊಂದು ಮಂಡಿಯಲ್ಲಿ ಒಳಬದಿಗೊಂದು, ಹೊರಬದಿಗೊಂದು ಇರುತ್ತವೆ. ಅವು ಬಹುಪಾಲು ನೀರು ಮತ್ತು ನಾರಿನಿಂದ ಆದವು. ಸುತ್ತಲಿನ ದ್ರವ, ಮೂಳೆಗಳನ್ನು ಒಂದಕ್ಕೊಂದು ಕಟ್ಟಿ ಹಿಡಿಯುವ ಲಿಗಮೆಂಟು, ಸ್ನಾಯು ಎಲ್ಲವೂ ಕಿರಣವನ್ನು ಹೆಚ್ಚುಕಡಿಮೆ ಅಷ್ಟೇ ತಡೆಯುವುದರಿಂದ ಯಾವುದು ಯಾವುದೆಂದು ಬೇರ್ಪಡುವುದಿಲ್ಲ. ಫಿಲ್ಮಿನಲ್ಲಿ ಎರಡು ಮೂಳೆಗಳ ನಡುವೆ ಖಾಲಿ ಜಾಗದಂತೆ ಕಾಣುವ ಕಪ್ಪು ಪಟ್ಟಿ ಇದೆಯಲ್ಲ, ಮೆನಿಸ್ಕಸ್ ಇರುವುದು ಅಲ್ಲಿಯೇ, ಹರಿದಿದ್ದರೂ ಹರಿಯದಿದ್ದರೂ ಆ ಪಟ್ಟಿ ಒಂದೇ ತೆರನಾಗಿರುತ್ತದೆ. ಡಿಜಿಟಲ್ ಎಂದರೆ ಚಿತ್ರವನ್ನು ಹಿಡಿಯುವ ವಿಧಾನ ಬೇರೆ ಅಷ್ಟೇ, ಬೀಳದ ನೆರಳನ್ನು ಅದು ಹಿಡಿಯಲಾರದು. ಎಂಆರ್‌ಐ ಬರುವ ಮೊದಲು ವೈದ್ಯರು ಸಂದಿಯೊಳಗೆ ಗಾಳಿಯನ್ನೋ ಎಕ್ಸ್-ಕಿರಣ ತಡೆಯುವ ದ್ರವವನ್ನೋ ಸೂಜಿಯಿಂದ ತುಂಬಿ, ಆ ಮೇಲೆ ಚಿತ್ರ ತೆಗೆದು ಹರಿದ ಜಾಗವನ್ನು ಹುಡುಕುತ್ತಿದ್ದರು. ಸಾದಾ ಎಕ್ಸ್-ರೇಯಲ್ಲಿ ಕಾಣುವಂತಿದ್ದರೆ ಯಾರೂ ಅಷ್ಟು ಪಾಡು ಪಡುತ್ತಿರಲಿಲ್ಲ. ವಯಸ್ಸಾದ ಕೆಲವರಲ್ಲಿ ಮೆನಿಸ್ಕಸ್‌ನೊಳಗೆ ಕ್ಯಾಲ್ಸಿಯಂ ಹರಳು ಕಟ್ಟಿ ತೆಳುವಾದ ಬಿಳಿ ಗೆರೆಯಾಗಿ ಕಾಣುವುದುಂಟು, ಆದರೆ ಅದು ಬೇರೆಯೇ ವಿಷಯ.

ಹಾಗೆಂದು ನಿಮ್ಮ ಮೊದಲ ಎಕ್ಸ್-ರೇ ವ್ಯರ್ಥವಾಯಿತೆಂದು ಹೇಳುತ್ತಿಲ್ಲ. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆ ಇಡಲಾಗದವರಿಗೆ, ಮಂಡಿಯನ್ನು ತೊಂಬತ್ತು ಡಿಗ್ರಿ ಮಡಿಸಲಾಗದವರಿಗೆ, ಐವತ್ತೈದು ದಾಟಿದವರಿಗೆ ಮೂಳೆ ಮುರಿದಿಲ್ಲವೆಂದು ಖಚಿತಪಡಿಸಿಕೊಳ್ಳಲು ಅದು ಬೇಕೇ ಬೇಕು. ನಿಮ್ಮ ಎಕ್ಸ್-ರೇ ತನ್ನ ಕೆಲಸವನ್ನು ಮಾಡಿ ಮುಗಿಸಿದೆ, ಅದನ್ನೇ ಮತ್ತೆ ಮತ್ತೆ ಮಾಡಿಸುವುದರಲ್ಲಿ ಅರ್ಥವಿಲ್ಲ.

ನನ್ನ ಕಥೆಗೆ ಬರುತ್ತೇನೆ. ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಕಾಲು ಮಡಿದಲ್ಲೇ ನಿಂತಿತು. ಎಷ್ಟು ಅಲುಗಾಡಿಸಿದರೂ ನೆಟ್ಟಗಾಗಲಿಲ್ಲ. ಅಪ್ಪಯ್ಯ ಕಾರು ಮಾಡಿ ಮಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿನ ಮೂಳೆ ವೈದ್ಯರು ನಾನು ಚಾಚಿದ ಎರಡೂ ಎಕ್ಸ್-ರೇಗಳನ್ನು ಪಕ್ಕಕ್ಕಿಟ್ಟು, ಯಾವ ಭಂಗಿಯಲ್ಲಿ ತಿರುಚಿತು, ಊತ ಕೂಡಲೇ ಬಂತೋ ಮರುದಿನವೋ, ಕಾಲು ಸಿಕ್ಕಿಕೊಳ್ಳುತ್ತದೆಯೋ ಎಂದು ಒಂದೊಂದಾಗಿ ಕೇಳಿದರು. ಮಂಡಿಯ ಒಳಬದಿಯಲ್ಲಿ ಎರಡು ಮೂಳೆ ಸೇರುವ ಗೆರೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ನಾನು ಮಂಚದಿಂದ ಎದ್ದೇಬಿಟ್ಟೆ. ಆ ಗೆರೆಯ ನೋವು, ಮತ್ತು ಕಾಲನ್ನು ಮಡಿಸಿ ಪಾದವನ್ನು ತಿರುಗಿಸುತ್ತಾ ಚಾಚಿ ನೋಡುವ ಮೆಕ್‌ಮರ್ರಿ ಪರೀಕ್ಷೆ, ಇವು ಬಹಳ ಹಳೆಯ ಕೈಪರೀಕ್ಷೆಗಳು, ಯಂತ್ರವೇನೂ ಬೇಡ. ಸಿಕ್ಕಿಕೊಂಡಿದ್ದ ನನ್ನ ಮಂಡಿಯಲ್ಲಿ ಎರಡನೆಯದನ್ನು ಪೂರ್ತಿ ಮಾಡಲು ಆಗಲಿಲ್ಲ, ಆದರೆ ಅಷ್ಟರಲ್ಲೇ ಅವರು ಒಳಬದಿಯ ಮೆನಿಸ್ಕಸ್ ಹರಿದು ಮಡಚಿಕೊಂಡಿದೆ ಎಂದು ಹೇಳಿದರು. ಎಂಆರ್‌ಐ ಮಾಡಿಸಿದ್ದು ಆ ಮೇಲೆ, ಶಸ್ತ್ರಚಿಕಿತ್ಸೆಗೆ ಮುಂಚೆ, ಎಲ್ಲಿ ಎಷ್ಟು ಹರಿದಿದೆ, ಲಿಗಮೆಂಟು ಉಳಿದಿದೆಯೇ ಎಂದು ತಿಳಿಯಲು. ಬಕೆಟ್ಟಿನ ಹಿಡಿಕೆ ಆಚೆಯಿಂದ ಈಚೆಗೆ ವಾಲುವ ಹಾಗೆ ಹರಿದ ಪಟ್ಟಿ ಸಂದಿಯ ನಡುವೆ ಬಂದು ಕೂತಿತ್ತು.

ಆರ್ತ್ರೋಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಸಂದಿಯೊಳಗೆ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ, ಮುಗಿದ ಮೇಲೆ ಅವರು ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಮೆನಿಸ್ಕಸ್‌ನ ಹೊರ ಅಂಚಿಗೆ ಮಾತ್ರ ರಕ್ತ ಹರಿಯುತ್ತದೆ, ಅಲ್ಲಿ ಹರಿದರೆ ಹೊಲಿಗೆ ಹಾಕಿ ಕೂಡಿಸುವ ಅವಕಾಶ ಹೆಚ್ಚು, ಒಳಭಾಗಕ್ಕೆ ಆ ಭಾಗ್ಯವಿಲ್ಲ. ನನ್ನದು ಹರಿದಿದ್ದು ಹೊರ ಅಂಚಿನ ಸಮೀಪದಲ್ಲೇ. ಮೊದಲ ವಾರಗಳಲ್ಲಿ ಬಂದಿದ್ದರೆ ಹೊಲಿದು ಉಳಿಸಲು ನೋಡಬಹುದಿತ್ತು. ಏಳು ತಿಂಗಳು ಅದರ ಮೇಲೆ ನಡೆದು, ಗುಡ್ಡ ಹತ್ತಿ, ಅಡಿಕೆ ಮೂಟೆ ಹೊತ್ತಿದ್ದರಿಂದ ಆ ಪಟ್ಟಿ ನಜ್ಜುಗುಜ್ಜಾಗಿತ್ತು, ಕತ್ತರಿಸಿ ತೆಗೆಯಬೇಕಾಯಿತು.

ಮೆನಿಸ್ಕಸ್ ತೆಗೆದ ಮಂಡಿಯಲ್ಲಿ ಕಾಲಕ್ರಮೇಣ ಸಂದಿ ಕಿರಿದಾಗುವುದನ್ನು, ಮೂಳೆ ಚಪ್ಪಟೆಯಾಗುವುದನ್ನು ಫೇರ್‌ಬ್ಯಾಂಕ್ ಎಂಬ ವೈದ್ಯರು 1948ರಲ್ಲೇ ಎಕ್ಸ್-ರೇಗಳಲ್ಲಿ ಗುರುತಿಸಿ ಬರೆದಿದ್ದರು. ಕಳೆದ ವರ್ಷ ನಿಂತು ತೆಗೆಸಿದ ಎಕ್ಸ್-ರೇಯಲ್ಲಿ ನನ್ನ ಬಲಮಂಡಿಯ ಒಳಬದಿಯ ಕಪ್ಪು ಪಟ್ಟಿ ಎಡಮಂಡಿಯದಕ್ಕಿಂತ ಸಣ್ಣದಾಗಿದೆ. ಅಂದು ಗಾಯವನ್ನು ತೋರಿಸಲಾಗದ ಎಕ್ಸ್-ರೇ ಇಂದು ಅದರ ಪರಿಣಾಮವನ್ನು ತೋರಿಸುತ್ತಿದೆ.

ಆದ್ದರಿಂದ ಎಕ್ಸ್-ರೇಯೋ ಎಂಆರ್‌ಐಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ನಿಮ್ಮ ಮಂಡಿಯ ಮೇಲೆ ಅನುಭವವುಳ್ಳ ಮೂಳೆ ವೈದ್ಯರ ಕೈ ಬೀಳಬೇಕು. ಎಂಆರ್‌ಐ ಬೇಕೆಂದು ಅವರೇ ಹೇಳುತ್ತಾರೆ, ನಿಮ್ಮ ಲಕ್ಷಣಕ್ಕೆ ಬಹುಶಃ ಹೇಳಿಯೇ ಹೇಳುತ್ತಾರೆ. ಪರೀಕ್ಷೆಯಿಲ್ಲದೆ ನಾವೇ ಹೋಗಿ ಮಾಡಿಸಿಕೊಂಡ ಎಂಆರ್‌ಐ ಕೂಡ ದಾರಿ ತಪ್ಪಿಸಬಹುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಐವತ್ತು ದಾಟಿದ 991 ಜನರ ಮಂಡಿಗಳನ್ನು ಎಂಆರ್‌ಐ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆನಿಸ್ಕಸ್ ಹರಿದಿದ್ದವರ ಪೈಕಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳು ಮಂಡಿಯಲ್ಲಿ ನೋವಾಗಲಿ ಬಿಗಿತವಾಗಲಿ ಇರಲಿಲ್ಲ. ಅಂದರೆ ಚಿತ್ರದಲ್ಲಿ ಹರಿದದ್ದು ಕಂಡಮಾತ್ರಕ್ಕೆ ನೋವಿಗೆ ಅದೇ ಕಾರಣವೆಂದೂ ಅಲ್ಲ, ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದೂ ಅಲ್ಲ.

ನಿಮ್ಮದು ಆ ವಯಸ್ಸಿನ ಸವೆತವಲ್ಲ, ಆಟದಲ್ಲಿ ತಿರುಚಿದ ಮಂಡಿ, ಅದೂ ಪೂರ್ತಿ ಚಾಚಲಾಗದ ಮಂಡಿ. ವೈದ್ಯರು ನೋಡುವವರೆಗೆ ಕುಕ್ಕರಗಾಲಿನಲ್ಲಿ ಕೂರಬೇಡಿ, ಯಾರಿಂದಲೂ ಎಳೆಸಿ ತಿಕ್ಕಿಸಿಕೊಳ್ಳಬೇಡಿ, ಮಂಡಿಗೆ ಪಟ್ಟಿ (ನೀ-ಕ್ಯಾಪ್) ಹಾಕಿಕೊಂಡು ಆಟಕ್ಕೆ ಇಳಿಯಬೇಡಿ. ವೈದ್ಯರ ಮುಂದೆ ಕೂತಾಗ ಎಕ್ಸ್-ರೇ ಕವರನ್ನು ಚೀಲದಿಂದ ತೆಗೆಯುವ ಮೊದಲೇ, ಬೆಳಿಗ್ಗೆ ಕಾಲು ಚಾಚಲು ಆಗುವುದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿ. ಮುಂದಿನ ವಾರಕ್ಕೆ ಕಾಯಬೇಡಿ, ನಾಳೆಯೇ ಹೋಗಿ.