ಕಾಫಿ ಸ್ಟೌಟ್‌ಗೆ ಎಷ್ಟು ಮಾರ್ಕ್ಸ್ ಕೊಡೋದು?

ಹೋದ ತಿಂಗಳು ಈ ಅಂಕಣದಲ್ಲಿ ಕಾಫಿ ಸ್ಟೌಟ್, ಅಂದರೆ ಕಾಫಿ ಹಾಕಿದ ಕಪ್ಪು ಬಿಯರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಬಹುಪಾಲು ನಮ್ಮ ಕೊಡಗಿನವರದ್ದೇ. ಕಾಫಿ ಬೆಳೆಯುವವರು ಕೇಳಿದ್ದಾರೆ, ಹಾಗಾಗಿ ಉತ್ತರವನ್ನೂ ಕಾಫಿಯ ಕಡೆಯಿಂದಲೇ ಕೊಡುತ್ತೇನೆ.

ಮೇಡಂ, ಅಮೆರಿಕದಲ್ಲಿರುವ ಮಗ ರಜೆಗೆ ಬಂದಾಗ ಫೌಂಡರ್ಸ್ ಬ್ರೇಕ್‌ಫಾಸ್ಟ್ ಸ್ಟೌಟ್ ಅನ್ನುವ ಬಿಯರ್ ನಾಲ್ಕು ಬಾಟಲಿ ತಂದಿದ್ದ. ನನಗೆ ತುಂಬಾ ಹಿಡಿಸಿತು, ಹತ್ತಕ್ಕೆ ಒಂಬತ್ತು ಕೊಟ್ಟೆ. ನನ್ನ ಭಾವ ಒಂದು ಗುಟುಕು ಕುಡಿದು ‘ಸೀದುಹೋದ ಡಿಕಾಕ್ಷನ್’ ಅಂತ ಹೇಳಿ ಮೂರು ಕೊಟ್ಟರು. ಇದನ್ನು ಸರಿಯಾಗಿ ರುಚಿ ನೋಡುವುದು ಹೇಗೆ? ಮಾರ್ಕ್ಸ್ ಕೊಡೋಕೆ ಏನಾದರೂ ಲೆಕ್ಕ ಇದೆಯಾ?
– ವಿರಾಜಪೇಟೆಯ ಬೆಳೆಗಾರರೊಬ್ಬರು

ಮೊದಲು ಒಂದು ಮಾತು ಕೇಳುತ್ತೇನೆ. ನಿಮ್ಮ ಭಾವ ಅದನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರಾ? ಹಾಗಿದ್ದರೆ ಅವರ ತಪ್ಪೇನಿಲ್ಲ. ಐಸ್‌ನಂತೆ ತಣ್ಣಗಿರುವ ಸ್ಟೌಟಿನಲ್ಲಿ ಘಮ ಮೇಲೇಳುವುದೇ ಇಲ್ಲ, ಕಹಿ ಒಂದೇ ನಾಲಿಗೆಗೆ ಬಡಿಯುತ್ತದೆ. ಈ ಜಾತಿಯ ಬಿಯರಿಗೆ 10ರಿಂದ 13 ಡಿಗ್ರಿ ಸರಿಯಾದ ಹದ. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷ ಮೇಜಿನ ಮೇಲೆ ಸುಮ್ನೆ ಇಡಿ. ಮಳೆಗಾಲದಲ್ಲಿ ನಮ್ಮ ಮನೆಯೊಳಗೂ ತಣ್ಣಗೇ ಇರುತ್ತದಲ್ವಾ, ಆಗ ಇನ್ನೂ ಹತ್ತು ನಿಮಿಷ ಜಾಸ್ತಿ ಇಟ್ಟರೂ ಪರವಾಗಿಲ್ಲ.

ನೀವು ಹೇಳಿದ ಬಿಯರನ್ನೇ ನಾನೂ ಹೋದ ವರ್ಷ ಕಕ್ಕಡದ ಮಳೆಯಲ್ಲಿ ಜಗಲಿಯಲ್ಲಿ ಕೂತು ಕುಡಿದಿದ್ದೇನೆ. ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನದ್ದು. ಓಟ್ಸ್, ಚಾಕೊಲೇಟ್, ಜೊತೆಗೆ ಸುಮಾತ್ರಾ ಮತ್ತು ಹವಾಯಿಯ ಕೋನಾ ಕಾಫಿ ಹಾಕುತ್ತಾರೆ. ಆಲ್ಕೋಹಾಲ್ ಶೇ 8.3. ಗ್ಲಾಸಿಗೆ ಸುರಿದಾಗ ಬೆಳಕಿಗೆ ಹಿಡಿದರೂ ಆಚೆ ಏನೂ ಕಾಣಲಿಲ್ಲ. ನೊರೆ ಬಿಳಿ ಅಲ್ಲ, ಬೆಲ್ಲದ ಬಣ್ಣ. ಆ ನೊರೆ ಇಳಿಯುವ ಮೊದಲೇ ಮೂಗು ಹತ್ತಿರ ತಂದೆ. ಮೊದಲು ಬಂದದ್ದು ಚಾಕೊಲೇಟ್. ಅದರ ಹಿಂದೆಯೇ ಕಾಫಿ, ಅದೂ ಬಾಂಡ್ಲಿಯಲ್ಲಿ ಹುರಿದ ಬೀಜವನ್ನು ಮೊರಕ್ಕೆ ಸುರಿದಾಗ ಬರುತ್ತದಲ್ಲ, ಆ ಮೊದಲ ಬಿಸಿ ಘಮ. ಲೋಟದಲ್ಲಿ ಆರಿಹೋದ ಕಾಫಿಯ ವಾಸನೆ ಅಲ್ಲವೇ ಅಲ್ಲ.

ಬಾಯಿಗೆ ಹಾಕಿದಾಗ ಮೊದಲು ಸಿಹಿ, ಆಮೇಲೆ ಕಹಿ. ನುಂಗಿದ ಮೇಲೆ ಎರಡೂ ಸೇರಿ ತುಂಬಾ ಹೊತ್ತು ಉಳಿದವು. ಓಟ್ಸ್ ಇರುವುದರಿಂದ ಗಂಜಿತಿಳಿಯಂಥ ನುಣುಪು ನಾಲಿಗೆಯ ಮೇಲೆ ಹರಡುತ್ತದೆ. ಅರ್ಧ ಗ್ಲಾಸು ಮುಗಿಯುವಷ್ಟರಲ್ಲಿ ಬಿಯರ್ ಇನ್ನೂ ಸ್ವಲ್ಪ ಬೆಚ್ಚಗಾಗಿತ್ತು, ಆಗ ಕಾಫಿ ಹಿಂದೆ ಸರಿದು ಒಣದ್ರಾಕ್ಷಿಯ ಹಾಗೊಂದು ಹಣ್ಣಿನ ರುಚಿ ಬಂತು. ನನಗೆ ಅತಿ ಹೆಚ್ಚು ಇಷ್ಟವಾದದ್ದು ಆ ಘಳಿಗೆ. ಒಂದೇ ಗುಟುಕಿಗೆ ಮಾರ್ಕ್ಸ್ ಕೊಡಬಾರದು ಅಂತ ನಾನು ಹೇಳುವುದು ಇದಕ್ಕೇ. ಮೊದಲ ಗುಟುಕು, ಅರ್ಧ ಗ್ಲಾಸು, ಕೊನೆಯ ಗುಟುಕು, ಮೂರು ಸಲವೂ ಬರೆದಿಟ್ಟುಕೊಳ್ಳಿ.

ಲೆಕ್ಕ ಇದೆ. ಬಿಯರ್ ಸ್ಪರ್ಧೆಗಳಲ್ಲಿ ತೀರ್ಪುಗಾರರು ಬಳಸುವ ಬಿಜೆಸಿಪಿ ಹಾಳೆಯಲ್ಲಿ ಒಟ್ಟು 50 ಅಂಕ. ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹತ್ತುವ ದಪ್ಪ-ತೆಳುವಿಗೆ 5, ಒಟ್ಟಾರೆ ಅನಿಸಿಕೆಗೆ 10. ನೋಟಕ್ಕೆ ಬರೀ ಮೂರು ಅನ್ನುವುದನ್ನು ಗಮನಿಸಿ. ಎಷ್ಟು ಕಪ್ಪಗಿದೆ ಅನ್ನುವುದು ದೊಡ್ಡ ವಿಷಯವೇ ಅಲ್ಲ. ನಾನು ಕೊಟ್ಟದ್ದು ಘಮಕ್ಕೆ 10, ನೋಟಕ್ಕೆ 3, ರುಚಿಗೆ 17, ಬಾಯಿಗೆ 5, ಒಟ್ಟಾರೆಗೆ 8. ಕೂಡಿದರೆ 43. ಆ ಹಾಳೆಯ ಪ್ರಕಾರ 38ರಿಂದ 44 ಬಂದರೆ ಬಹಳ ಉತ್ತಮ, 45 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದ್ಭುತ. ಅದ್ಭುತಕ್ಕೆ ಎರಡು ಅಂಕ ಯಾಕೆ ಕಡಿಮೆಯಾಯಿತು ಅಂದರೆ, ಕೊನೆಯಲ್ಲಿ ಹುರಿದ ಧಾನ್ಯದ ಕಹಿ ಕಾಫಿಯನ್ನು ಸ್ವಲ್ಪ ಮುಚ್ಚಿತು ಅಂತ ನನಗೆ ಅನಿಸಿತು. ನಿಮಗೆ ಹಾಗೆ ಅನಿಸದೇ ಇರಬಹುದು.

ಅದೇ ಬಿಯರಿನ ಇನ್ನೊಂದು ಬಾಟಲಿಯನ್ನು ಎಂಟು ತಿಂಗಳು ಕಪಾಟಿನಲ್ಲಿಟ್ಟು ಆಮೇಲೆ ತೆಗೆದೆ. ಕಾಫಿಯ ಘಮ ಮುಕ್ಕಾಲು ಪಾಲು ಹೋಗಿತ್ತು, ಬದಲಿಗೆ ದೊಣ್ಣೆಮೆಣಸಿನಕಾಯಿ ಹೆಚ್ಚಿದಾಗ ಬರುವ ಹಸಿ ವಾಸನೆ ಇತ್ತು. ಕಾಫಿ ಹಾಕಿದ ಬಿಯರ್ ಹಳತಾದರೆ ಹೀಗೆ ಆಗುವುದುಂಟು. ಕಾಫಿ ಇಲ್ಲದ ಗಟ್ಟಿ ಸ್ಟೌಟನ್ನು ವರ್ಷಗಟ್ಟಲೆ ಇಡಬಹುದು, ಇದನ್ನು ಇಡಬೇಡಿ. ಹುರಿದ ಬೀಜವನ್ನು ಎಂಟು ತಿಂಗಳು ಇಟ್ಟು ಆಮೇಲೆ ಪುಡಿ ಮಾಡುತ್ತೀರಾ?

ನಿಮ್ಮಲ್ಲಿ ಯಾರಾದರೂ ಕಾಫಿ ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರೀಕ್ಷೆ ಮಾಡಿದ್ದರೆ ಅರ್ಧ ಕೆಲಸ ಆಗಲೇ ಬರುತ್ತದೆ. ಬಿಸಿನೀರು ಹಾಕಿ ನಾಲ್ಕು ನಿಮಿಷ ಆದ ಮೇಲೆ ಚಮಚದಿಂದ ಮೇಲಿನ ಪದರ ಒಡೆದು ಮೂಗು ಇಡುತ್ತೇವಲ್ಲ, ಸ್ಟೌಟಿನ ನೊರೆಯ ಹತ್ತಿರವೂ ಹಾಗೇ ಮೂಗು ಇಡಬೇಕು. ವ್ಯತ್ಯಾಸ ಒಂದೇ. ಕಾಫಿಯನ್ನು ಸೊರ್ ಅಂತ ಹೀರಿ ಉಗಿಯಬಹುದು, ಬಿಯರನ್ನು ನುಂಗಲೇಬೇಕು, ಯಾಕೆಂದರೆ ಅದರ ಕಹಿ ಎಷ್ಟು ಅಂತ ಗೊತ್ತಾಗುವುದು ಗಂಟಲಿಗೆ ಇಳಿದ ಮೇಲೆ. ನಿಮ್ಮ ಭಾವನವರಿಗೆ ಇನ್ನೊಂದು ಬಾಟಲಿ ಉಳಿದಿದ್ದರೆ ಹೀಗೆ ಕೊಟ್ಟು ನೋಡಿ. ಆಮೇಲೂ ಮೂರೇ ಕೊಟ್ಟರೆ ಆ ಮೂರನ್ನು ಒಪ್ಪಿಕೊಳ್ಳಿ.

ಸ್ಟೌಟ್ ಅಂದರೆ ಎಲ್ಲದರಲ್ಲೂ ಕಾಫಿ ಇರುತ್ತದಾ? ಬೆಂಗಳೂರಿನಲ್ಲಿ ಗಿನ್ನೆಸ್ ಕುಡಿದಾಗ ನನಗೆ ಕಾಫಿ ರುಚಿಯೇ ಬಂತು. ಗೆಳೆಯರು ಇಲ್ಲ ಅಂತ ವಾದ ಮಾಡಿದರು.
– ಗೋಣಿಕೊಪ್ಪಲಿನ ಓದುಗರು

ನಿಮ್ಮ ನಾಲಿಗೆಯೂ ಸರಿ, ಗೆಳೆಯರ ಮಾತೂ ಸರಿ. ಗಿನ್ನೆಸ್‌ನಲ್ಲಿ ಕಾಫಿ ಇಲ್ಲ. ಅದರಲ್ಲಿರುವುದು ಕಪ್ಪಾಗುವವರೆಗೆ ಹುರಿದ ಬಾರ್ಲಿ. ಕಾಫಿ ಬೀಜವಾಗಲಿ ಬಾರ್ಲಿಯಾಗಲಿ, ಇನ್ನೂರು ಡಿಗ್ರಿ ದಾಟಿಸಿ ಹುರಿದಾಗ ಹುಟ್ಟುವ ಘಮದಲ್ಲಿ ಎಷ್ಟೋ ಅಂಶಗಳು ಒಂದೇ. ಇದಕ್ಕೊಂದು ಚೆಂದದ ಹಿನ್ನೆಲೆಯೂ ಇದೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಎಂಬಾತ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ತಿರುಗುವ ಉರುಳೆಯಲ್ಲಿ ಹಾಕಿ ಸುಡದ ಹಾಗೆ ಕಪ್ಪಗೆ ಹುರಿಯುವ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. ಆ ಯಂತ್ರ ಆಗಿನ ಕಾಫಿ ಹುರಿಯುವ ಡ್ರಮ್ಮಿನ ಥರವೇ ಇತ್ತು. ಅಲ್ಲಿಂದ ಮುಂದೆ ಪೋರ್ಟರ್, ಸ್ಟೌಟ್ ಬಿಯರುಗಳು ಇವತ್ತು ನಾವು ನೋಡುವಷ್ಟು ಕಪ್ಪಾದವು.

ಕಪ್ಪಗಿದ್ದರೆ ಸ್ಟ್ರಾಂಗ್ ಅನ್ನುವುದೂ ತಪ್ಪು. ಡ್ರಾಫ್ಟ್ ಗಿನ್ನೆಸ್‌ನಲ್ಲಿ ಆಲ್ಕೋಹಾಲ್ ಶೇ 4ರ ಸ್ವಲ್ಪ ಮೇಲೆ, ಅಷ್ಟೇ. ನಮ್ಮ ಅಂಗಡಿಯಲ್ಲಿ ಸಿಗುವ ತಿಳಿ ಹಳದಿಯ ಸ್ಟ್ರಾಂಗ್ ಬಿಯರ್ ಅದಕ್ಕಿಂತ ಎಷ್ಟೋ ಜಾಸ್ತಿ. ನಿಜವಾಗಿ ಗಟ್ಟಿಯಾದದ್ದು ಇಂಪೀರಿಯಲ್ ಸ್ಟೌಟ್. ಹದಿನೆಂಟನೇ ಶತಮಾನದಲ್ಲಿ ಲಂಡನ್ನಿನಿಂದ ರಷ್ಯಾದ ಅರಮನೆಗೆ ಹೋಗುತ್ತಿದ್ದ ಬಿಯರ್ ಅದು, ಆ ಹೆಸರು ಬಂದದ್ದೇ ಹಾಗೆ. ಈಗ ಅದು ಸಾಮಾನ್ಯವಾಗಿ ಶೇ 8ರಿಂದ 12.

ನಿಜವಾದ ಕಾಫಿ ಹಾಕಿದ್ದಾರೋ ಇಲ್ಲವೋ ಅಂತ ತಿಳಿಯಲು ನಾನು ಮಾಡುವುದು ಇಷ್ಟು. ಬಾರ್ಲಿಯ ‘ಕಾಫಿ’ ನಾಲಿಗೆಯಲ್ಲಿ ಇರುತ್ತದೆ, ಮೂಗಿನಲ್ಲಿ ಕಡಿಮೆ. ಅದರ ಹಿಂದೆ ಕರಕಲು ರೊಟ್ಟಿಯ ಅಂಚಿನ ಒಣ ಕಹಿ ಇರುತ್ತದೆ. ಕಾಫಿ ಹಾಕಿದ್ದರೆ ಗ್ಲಾಸು ಬಾಯಿಗೆ ಬರುವ ಮೊದಲೇ ಮೂಗಿಗೆ ಸಿಗುತ್ತದೆ. ಒಳ್ಳೆಯ ಅರೇಬಿಕಾ ಹಾಕಿದ್ದರೆ ಸಣ್ಣದೊಂದು ಹುಳಿಯೂ ಇರುತ್ತದೆ. ಈ ಹುಳಿಯನ್ನು ಬಿಯರ್ ಕೆಟ್ಟಿದೆ ಅಂತ ತಿಳಿದು ಅಂಕ ಕಳೆಯುವವರನ್ನು ನೋಡಿದ್ದೇನೆ, ಬೇಸರವಾಗುತ್ತದೆ. ಅರೇಬಿಕಾ ಬೆಳೆಯುವ ನಾಡಿನವರು ನಾವು, 2019ರಲ್ಲಿ ಕೂರ್ಗ್ ಅರೇಬಿಕಾಗೆ ಭೌಗೋಳಿಕ ಗುರುತೂ ಬಂದಿದೆ. ಈ ಹುಳಿ ನಮಗೆ ಗೊತ್ತಿರಬೇಕು.

ಪಂದಿ ಕರಿ ಜೊತೆ ಕಾಫಿ ಸ್ಟೌಟ್ ಹೊಂದುತ್ತದಾ ಮೇಡಂ? ನೆಂಟರು ಬರುತ್ತಿದ್ದಾರೆ.
– ಪೊನ್ನಂಪೇಟೆಯಿಂದ

ನನ್ನ ಅಭಿಪ್ರಾಯದಲ್ಲಿ ಹೊಂದುವುದಿಲ್ಲ. ಹುರಿದ ಮಸಾಲೆ, ಹುರಿದ ಬಾರ್ಲಿ, ಎರಡೂ ಕಪ್ಪು ಅಂತ ಎಲ್ಲರೂ ಇದನ್ನೇ ಹೇಳುತ್ತಾರೆ. ನಾನು ಎರಡು ಸಲ ಮಾಡಿ ನೋಡಿದೆ. ಪಂದಿ ಕರಿಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ಗಡಸು ಹುಳಿ ಸ್ಟೌಟಿನ ಕಹಿಯನ್ನು ಕೆರಳಿಸುತ್ತದೆ, ಮೇಲಿಂದ ಕರಿಮೆಣಸಿನ ಖಾರ. ಪಂದಿಯ ರುಚಿಯೂ ಇಲ್ಲ, ಬಿಯರಿನದ್ದೂ ಇಲ್ಲ. ಊಟದ ಜೊತೆ ತಿಳಿ ಬಿಯರೇ ಇರಲಿ. ಸ್ಟೌಟನ್ನು ಊಟ ಮುಗಿದ ಮೇಲೆ ಸಣ್ಣ ಗ್ಲಾಸಿನಲ್ಲಿ ಕೊಡಿ, ಪಕ್ಕದಲ್ಲಿ ಪುತ್ತರಿ ಹಬ್ಬಕ್ಕೆ ಮಾಡುತ್ತೇವಲ್ಲ ಆ ತಂಬಿಟ್ಟು ಇಡಿ. ಹುರಿದ ಅಕ್ಕಿಪುಡಿ, ಹಣ್ಣಾದ ಬಾಳೆ, ಎಳ್ಳು, ತುಪ್ಪ. ಹುರಿದದ್ದಕ್ಕೆ ಹುರಿದದ್ದು ಸೇರುತ್ತದೆ, ಬಾಳೆಯ ಸಿಹಿ ಕಹಿಯನ್ನು ತಗ್ಗಿಸುತ್ತದೆ. ಒಂದು ತುತ್ತು, ಒಂದು ಗುಟುಕು. ದಯವಿಟ್ಟು ಮಾಡಿ ನೋಡಿ.

ಕಾಫಿ ಇರುವುದರಿಂದ ಅಮಲು ಬೇಗ ಇಳಿಯುತ್ತದಂತೆ, ಡ್ರೈವ್ ಮಾಡಬಹುದಂತೆ. ನಿಜವಾ?
– ಸುಂಟಿಕೊಪ್ಪದಿಂದ

ಅಲ್ಲ. ಖಂಡಿತ ಅಲ್ಲ. ಕಾಫಿ ನಿದ್ದೆಯನ್ನು ದೂರ ಇಡುತ್ತದೆ, ರಕ್ತದಲ್ಲಿರುವ ಆಲ್ಕೋಹಾಲನ್ನು ಒಂದು ಹನಿಯೂ ಕಡಿಮೆ ಮಾಡುವುದಿಲ್ಲ. ಅಮಲೇರಿದ್ದು ಗೊತ್ತಾಗದೇ ಇರುವುದು ಇನ್ನೂ ಅಪಾಯ. ಲೆಕ್ಕ ಹಾಕಿ: ಶೇ 8.3ರ 355 ಎಂ.ಎಲ್. ಬಾಟಲಿಯಲ್ಲಿ ಸುಮಾರು 29 ಎಂ.ಎಲ್. ಆಲ್ಕೋಹಾಲ್. ಶೇ 5ರ 650 ಎಂ.ಎಲ್. ದೊಡ್ಡ ಬಾಟಲಿಯಲ್ಲಿ 32. ಅಂದರೆ ಆ ಚಿಕ್ಕ ಬಾಟಲಿ ಹೆಚ್ಚು ಕಡಿಮೆ ಒಂದು ದೊಡ್ಡ ಬಾಟಲಿಗೆ ಸಮ. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ಸಂಪಾಜೆ ಘಾಟಿಯ ತಿರುವುಗಳು, ಮಂಜು, ಮಳೆ ನಿಮಗೆ ಗೊತ್ತಿದೆ. ಕುಡಿದರೆ ಆ ರಾತ್ರಿ ಅಲ್ಲೇ ಮಲಗಿ.

ನಮ್ಮ ತೋಟದ ಕಾಫಿಯನ್ನೇ ಬಿಯರಿಗೆ ಹಾಕಿ ನೋಡಬೇಕು ಅಂತ ಆಸೆ. ಬಿಸಿ ಡಿಕಾಕ್ಷನ್ ಹಾಕಿದೆ, ಕುಡಿಯೋಕಾಗಲಿಲ್ಲ. ಏನು ತಪ್ಪಾಯಿತು?
– ಸೋಮವಾರಪೇಟೆಯ ಓದುಗರು

ಎರಡು ತಪ್ಪು ಆಗಿರಬಹುದು. ಒಂದು, ಬಿಸಿನೀರು. ಬಿಸಿಯಲ್ಲಿ ಇಳಿಸಿದ ಡಿಕಾಕ್ಷನ್‌ನಲ್ಲಿ ಕಹಿಯೂ ಒಗರೂ ಜಾಸ್ತಿ, ಬಿಯರಿನಲ್ಲಿ ಮೊದಲೇ ಕಹಿ ಇದೆ. ಎರಡು, ಚಿಕೋರಿ. ಹಾಲು ಹಾಕಿದ ಕಾಫಿಗೆ ಅದು ಮೈಕಟ್ಟು ಕೊಡುತ್ತದೆ, ಬಿಯರಿನಲ್ಲಿ ಸುಟ್ಟ ಸಕ್ಕರೆಯ ಹಾಗೆ ಅಂಟಿಕೊಂಡು ಕೂರುತ್ತದೆ.

ಹೀಗೆ ಮಾಡಿ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ) ಅರೇಬಿಕಾ ತೆಗೆದುಕೊಳ್ಳಿ, ಹಣ್ಣಿನ ಸಮೇತ ಒಣಗಿಸಿದ ಚೆರಿ ಬೇಡ. ಹದವಾಗಿ ಹುರಿಯಿರಿ, ಎಣ್ಣೆ ಮೇಲೆ ಬರುವಷ್ಟು ಬೇಡ, ಆ ಎಣ್ಣೆ ಬಿಯರಿನ ನೊರೆಯನ್ನು ಕೊಲ್ಲುತ್ತದೆ. ರವೆಗಿಂತ ದಪ್ಪಗೆ ಪುಡಿ ಮಾಡಿ, 100 ಗ್ರಾಂ ಪುಡಿಗೆ ಒಂದು ಲೀಟರ್ ತಣ್ಣೀರು ಹಾಕಿ ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ. ಕಾಫಿ ಇಲ್ಲದ ಯಾವುದಾದರೂ ಕಪ್ಪು ಬಿಯರನ್ನು ಗ್ಲಾಸಿಗೆ ಸುರಿದು, ಮೊದಲು ಒಂದು ಚಮಚ ಈ ಕಾಫಿ ಹಾಕಿ ಮೂಸಿ, ಆಮೇಲೆ ಇನ್ನೊಂದು. ಎರಡು ದೊಡ್ಡ ಚಮಚ ದಾಟಿದರೆ ಬಿಯರ್ ನೀರಾಗುತ್ತದೆ. ರೊಬಸ್ಟಾ ಇದ್ದವರು ಅರ್ಧ ಅಳತೆಯಲ್ಲಿ ಶುರುಮಾಡಿ, ಅದರಲ್ಲಿ ಕೆಫೀನೇ ಅರೇಬಿಕಾದ ಸುಮಾರು ಎರಡು ಪಟ್ಟು, ಕಹಿಯೂ ಅದಕ್ಕೆ ತಕ್ಕಂತೆ.

ಬಿಯರನ್ನೇ ಮನೆಯಲ್ಲಿ ಹುದುಗಿಸಬಹುದಾ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅದಕ್ಕೆ ಅಬಕಾರಿ ಲೈಸೆನ್ಸ್ ಬೇಕು, ಆ ಕೆಲಸಕ್ಕೆ ಕೈ ಹಾಕಬೇಡಿ. ಗ್ಲಾಸಿನಲ್ಲಿ ಬೆರೆಸಿ ನೋಡಿ, ಮೂರು ಗುಟುಕಿನ ಅಂಕ ಬರೆದು ನನಗೆ ಕಳಿಸಿ. ಯಾವ ಎತ್ತರದ ತೋಟ, ಯಾವ ತಳಿ, ಎಷ್ಟು ಹುರಿದಿರಿ ಅಂತಲೂ ಬರೆಯಿರಿ. ಮುಂದಿನ ತಿಂಗಳು ಅವನ್ನೇ ಇಲ್ಲಿ ಹಾಕುತ್ತೇನೆ.