ಬೈಪಾಸ್ ಪಕ್ಕ ಸೂಪರ್‌ಮಾರ್ಕೆಟ್ ಬಂದರೆ ಪೇಟೆ ಉಳಿಯುತ್ತಾ?

ಪ್ರಶ್ನೆ: ನಮ್ಮದು ಸುತ್ತಲಿನ ಹಳ್ಳಿಗಳಿಗೆ ಪೇಟೆಯಾಗಿರುವ ಸಣ್ಣ ಊರು. ಊರಾಚೆ, ಬೈಪಾಸ್ ಪಕ್ಕ ದೊಡ್ಡ ಸೂಪರ್‌ಮಾರ್ಕೆಟ್ ಕಟ್ಟಲು ಅರ್ಜಿ ಬಂದಿದೆ. ಊರು ಬೆಳೆಯುತ್ತೆ ಅಂತ ಕೆಲವರು, ಪೇಟೆ ಮುಳುಗುತ್ತೆ ಅಂತ ಕೆಲವರು. ಯಾವುದು ನಿಜ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ‘ಬೈಪಾಸ್ ಪಕ್ಕ’ ಅನ್ನುವ ಮಾತು. ದಿನಸಿಗೆ ಅಂತ ಪೇಟೆಗೆ ಬಂದವರು ದಿನಸಿ ಒಂದನ್ನೇ ಕೊಂಡು ಹೋಗುವುದಿಲ್ಲ. ಚೀಲ ತುಂಬಿದ ಮೇಲೆ ಪಕ್ಕದಲ್ಲೇ ಔಷಧಿ ತಗೊಳ್ಳುತ್ತಾರೆ, ಗಡಿಯಾರಕ್ಕೆ ಸೆಲ್ ಹಾಕಿಸುತ್ತಾರೆ, ಕಿತ್ತುಹೋದ ಚಪ್ಪಲಿ ಹೊಲಿಸುತ್ತಾರೆ. ಚಪ್ಪಲಿ ಹೊಲಿಸಲಿಕ್ಕೇ ಅಂತ ಅಷ್ಟು ದೂರ ಯಾರು ಬರುತ್ತಾರೆ ಹೇಳಿ? ದಿನಸಿ ಊರಾಚೆ ಹೋದರೆ ಈ ಸಣ್ಣ ವ್ಯಾಪಾರಗಳೂ ಸೊರಗುತ್ತವೆ. ಸೂಪರ್‌ಮಾರ್ಕೆಟ್‌ನಲ್ಲಿ ಚಪ್ಪಲಿ ಹೊಲಿಯದಿದ್ದರೂ ಸರಿ, ಚಪ್ಪಲಿ ಹೊಲಿಯುವವರ ಗಿರಾಕಿ ಹೋಗಿಬಿಡುತ್ತಾರೆ.

ಅಮೆರಿಕದ ಐಯೋವಾ ರಾಜ್ಯದ ಸಣ್ಣ ಊರುಗಳಿಗೆ ವಾಲ್‌ಮಾರ್ಟ್ ಕಂಪನಿಯ ದೊಡ್ಡ ಮಳಿಗೆ ಬಂದಾಗ ಏನಾಯಿತು ಅಂತ ಅಲ್ಲಿನ ಅರ್ಥಶಾಸ್ತ್ರಜ್ಞ ಕೆನ್ನೆತ್ ಸ್ಟೋನ್ ವರ್ಷಗಟ್ಟಲೆ ಲೆಕ್ಕ ಹಾಕಿದರು. ಮಳಿಗೆ ಬಂದ ಊರಿಗೆ ಹೊರಗಿನ ಜನ ಬಂದರು, ಹೋಟೆಲ್‌ಗಳಿಗೆ ವ್ಯಾಪಾರ ಜಾಸ್ತಿಯಾಯಿತು. ಅದೇ ಸಾಮಾನು ಮಾರುತ್ತಿದ್ದ ಅಂಗಡಿಗಳು ಸೋತವು. ಮಳಿಗೆ ಇಲ್ಲದ ಅಕ್ಕಪಕ್ಕದ ಊರುಗಳೂ ಗಿರಾಕಿ ಕಳೆದುಕೊಂಡವು. ಊರು ಬೆಳೆಯುತ್ತೆ ಅನ್ನುವವರು ಈ ನೆರೆಯೂರುಗಳ ನಷ್ಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗೆ ಬೇಸರ ಅದೇ.

ಹಾಗಂತ ಸುಮ್ನೆ ವಿರೋಧಿಸಬೇಡಿ. ಬೆಲೆ ಇಳಿದರೆ, ಆಯ್ಕೆ ಹೆಚ್ಚಿದರೆ ಕಡಿಮೆ ಆದಾಯದ ಮನೆಗಳಿಗೆ ಅದು ನಿಜವಾದ ಲಾಭ. ಆದರೆ ಗಾಡಿ ಇಲ್ಲದವರು, ವಯಸ್ಸಾದವರು ಬೈಪಾಸ್‌ವರೆಗೆ ಹೋಗುವುದು ಹೇಗೆ? ಹತ್ತಿರದ ಅಂಗಡಿ ಮುಚ್ಚಿದರೆ ಅವರಿಗೆ ಇದ್ದದ್ದೂ ಹೋಯಿತು.

ಇಂಗ್ಲೆಂಡ್ ಈ ಪೆಟ್ಟು ತಿಂದು ಪಾಠ ಕಲಿತಿತು. ಅಲ್ಲಿನ 1996ರ ಯೋಜನಾ ಮಾರ್ಗಸೂಚಿ ಪ್ರಕಾರ ದೊಡ್ಡ ಮಳಿಗೆಗೆ ಮೊದಲು ಪೇಟೆಯೊಳಗೇ ಜಾಗ ಹುಡುಕಬೇಕಾಗಿತ್ತು. ಸಿಗದಿದ್ದರೆ ಪೇಟೆಯ ಅಂಚಿನಲ್ಲಿ, ಅಂದರೆ 200–300 ಮೀಟರ್ ನಡಿಗೆಯೊಳಗೆ. ಊರಾಚೆ ಹೋಗುವುದು ಕೊನೆಗೆ. ಇಷ್ಟು ಹತ್ತಿರ ಇದ್ದರೆ ಜನ ಅಲ್ಲಿ ಗಾಡಿ ನಿಲ್ಲಿಸಿ ಪೇಟೆಗೂ ನಡೆದು ಬರುತ್ತಾರೆ.

ಅರ್ಜಿ ಹಾಕಿದವರಿಗೆ ನೀವೂ ಇದನ್ನೇ ಕೇಳಿ. ಪೇಟೆಯೊಳಗೆ ಖಾಲಿ ಜಾಗ ನೋಡಿದ್ದೀರಾ? ಹೊಸ ಕೆಲಸ ಎಷ್ಟು ಅಂತ ಹೇಳುವಾಗ ಮುಚ್ಚುವ ಅಂಗಡಿಗಳ ಕೆಲಸವನ್ನು ಆ ಲೆಕ್ಕದಿಂದ ಕಳೆದಿದ್ದೀರಾ? ಅನುಮತಿ ಸಿಕ್ಕಿ ಅಡಿಪಾಯ ಬಿದ್ದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ. ಅರ್ಜಿ ಇನ್ನೂ ಮೇಜಿನ ಮೇಲಿರುವಾಗಲೇ ಹೋಗಿ.